ಉಭಯ ಕುಶಲೋಪರಿ

ಹಿಂದಿನ ಕಾಲದಲ್ಲಿ ಕಾಗದ ಬರೆಯುವವರಿಗೆ ಒಂದು ದೊಡ್ಡ ಅನುಕೂಲವಿತ್ತು. ಏನು ಬರೆಯಬೇಕೆಂಬುದು ತೋಚದಿದ್ದರೂ ಮೊದಲ ನಾಲ್ಕು ಸಾಲುಗಳನ್ನು ನಿಶ್ಚಿಂತೆಯಿಂದ ಬರೆದುಬಿಡಬಹುದಾಗಿತ್ತು. ನೆತ್ತಿಯ ಮೇಲೆ ಒಂದು 'ಶ್ರೀ', ಬಲಗಡೆ ಊರು ಮತ್ತು ತಾರೀಖು, ತೀರ್ಥರೂಪು ತಂದೆಯವರ ಪಾದಗಳಿಗೆ ಸಾಷ್ಟಾಂಗ ನಮಸ್ಕಾರ, ಆಮೇಲೆ 'ಉಭಯ ಕುಶಲೋಪರಿ ಸಾಂಪ್ರತ'. ಅಷ್ಟು ಹೊತ್ತಿಗೆ ಕಾರ್ಡಿನ ಅರ್ಧ ತುಂಬಿರುತ್ತಿತ್ತು. ಉಳಿದ ಅರ್ಧದಲ್ಲಿ ಮಳೆಯ ವಿಚಾರ, ಹಸು ಕರು ಹಾಕಿದ ವಿಚಾರ, ಕೊನೆಯ ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಹಣದ ವಿಚಾರ. ಹಣದ ವಿಚಾರಕ್ಕಾಗಿಯೇ ಕಾಗದ ಬರೆದದ್ದೆಂಬುದು ಉಭಯರಿಗೂ ಗೊತ್ತಿದ್ದ ಸಂಗತಿ. ಆದರೂ ಅದು ಕುಶಲದ ನಂತರವೇ ಬರಬೇಕು.

ಈ 'ಉಭಯ' ಎಂಬ ಮಾತನ್ನು ನಾನು ಬಹಳ ಯೋಚಿಸಿದ್ದೇನೆ. ಬರೆಯುವವನಿಗೆ ತನ್ನ ಕಡೆಯ ಕುಶಲ ಗೊತ್ತು, ಸರಿ. ಅತ್ತ ಕಡೆಯ ಕುಶಲ ಇವನಿಗೆ ಹೇಗೆ ಗೊತ್ತು? ಗೊತ್ತಿಲ್ಲ, ಇದೆಯೆಂದು ನಂಬಿಕೊಂಡು ಬರೆಯುತ್ತಾನೆ. ಓದುವವನೂ ಹಾಗೆಯೇ. ಕಾಗದದಲ್ಲಿ ಕ್ಷೇಮವೆಂದಿದ್ದರೆ ಅದು ಬರೆದ ದಿನದ ಕ್ಷೇಮ. ಅದು ಕೈಸೇರುವಷ್ಟರಲ್ಲಿ ಅಲ್ಲಿ ಏನಾಗಿದೆಯೋ ಯಾರು ಬಲ್ಲರು? ನಡುವಿನ ಈ ಅಂತರವನ್ನು ನಂಬಿಕೆಯೊಂದೇ ದಾಟಬೇಕು.

ಖಗೋಳಶಾಸ್ತ್ರಜ್ಞರಿಗೆ ಈ ಮಾತು ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಅವರ ಕೈಗೆ ಬರುವ ಯಾವ ಕಾಗದವೂ ಇವತ್ತಿನದಲ್ಲ. ಸೂರ್ಯನ ಸಮಾಚಾರ ಎಂಟು ನಿಮಿಷ ಹಳೆಯದು. ಅತಿ ಸಮೀಪದ ತಾರೆಯದು ನಾಲ್ಕು ವರ್ಷಕ್ಕೂ ಹಳೆಯದು. ಆದರೆ ತಾರೆಗಳು ನಮಗೆಂದು ಬರೆದವಲ್ಲ. ಅವು ಉರಿಯುತ್ತವೆ, ನಾವು ಓದಿಕೊಳ್ಳುತ್ತೇವೆ. ನಮಗೇ ವಿಳಾಸ ಬರೆದು, ನಮ್ಮದೇ ಲಿಪಿಯಲ್ಲಿ, ಎಲ್ಲಕ್ಕಿಂತ ದೂರದಿಂದ ಕಾಗದ ಬರೆಯುತ್ತಿರುವುದು ಒಂದೇ ಒಂದು. 1977ರ ಸೆಪ್ಟೆಂಬರ್ 5ರಂದು ಅಮೆರಿಕದ ಫ್ಲಾರಿಡದಿಂದ ಹೊರಟ ವಾಯೇಜರ್ 1 ಎಂಬ ಶೋಧನೌಕೆ ಅದು. ಈಗ ಅದು ನಮ್ಮಿಂದ ಸುಮಾರು 2500 ಕೋಟಿ ಕಿಲೊಮೀಟರ್ ದೂರದಲ್ಲಿದೆ. ಸೆಕೆಂಡಿಗೆ 17 ಕಿಲೊಮೀಟರ್ ಓಡುತ್ತಿದೆ. ಎಂದರೆ ಬೆಂಗಳೂರಿನಿಂದ ಮೈಸೂರಿಗೆ ಒಂಬತ್ತು ಸೆಕೆಂಡು. ನಡುವೆ ಮದ್ದೂರಿನಲ್ಲಿ ವಡೆಗೆಂದು ನಿಲ್ಲುವ ಅಭ್ಯಾಸ ಅದಕ್ಕಿಲ್ಲ.

ನಮ್ಮ ತಂದೆ ಹಳ್ಳಿಯ ಶಾಖಾ ಅಂಚೆಕಚೇರಿಯ ಮೇಷ್ಟರಾಗಿದ್ದರು. ಕಚೇರಿಯೆಂದರೆ ನಮ್ಮ ಮನೆಯ ಜಗಲಿ. ಊರಿನ ಕಾಗದಗಳನ್ನು ಕೊಡುವುದರ ಜೊತೆಗೆ ಅರ್ಧ ಊರಿಗೆ ಅವನ್ನು ಓದಿ ಹೇಳುವ ಕೆಲಸವೂ ಅವರದೇ. ಅವರು ಊರಿನಲ್ಲಿಲ್ಲದಾಗ ನನ್ನ ಅಕ್ಕನದು. ಹಾಗಾಗಿ ಊರು ಬಿಟ್ಟು ಹೋದವರ ಚರಿತ್ರೆ ಹೇಗೆ ನಡೆಯುತ್ತದೆಂಬುದನ್ನು ನಾವು ಚಿಕ್ಕಂದಿನಲ್ಲೇ ಕಂಡಿದ್ದೆವು. ಹೋದ ಹೊಸದರಲ್ಲಿ ವಾರಕ್ಕೊಂದು ಕವರು, ಒಳಗೆ ನಾಲ್ಕು ಹಾಳೆ: ಬೊಂಬಾಯಿಯ ಟ್ರಾಮು, ಸಮುದ್ರ, ಮನೆಯೊಡೆಯನ ಹೆಂಡತಿಯ ಬಾಯಿ. ವರ್ಷ ಕಳೆದ ಮೇಲೆ ತಿಂಗಳಿಗೊಂದು ಕಾರ್ಡು. ಕೊನೆಗೆ ಮನಿಯಾರ್ಡರ್ ಫಾರಮಿನ ತುದಿಯಲ್ಲಿರುತ್ತಿದ್ದ ಅಂಗೈಯಗಲದ ಚೀಟಿಯಲ್ಲಿ ಎರಡು ಮಾತು. ಮೊತ್ತವೂ ಇಳಿಯುತ್ತ ಬರುತ್ತಿತ್ತು. ಆದರೆ ದಂಡಿನಲ್ಲಿದ್ದ ಮಗನ ಆ ಎರಡು ಮಾತಿಗಾಗಿ ನಮ್ಮ ಜಗಲಿಯ ಕಂಬಕ್ಕೆ ಒರಗಿ ದಿನವೆಲ್ಲ ಕಾಯುತ್ತಿದ್ದ ಒಬ್ಬ ಮುದುಕಿಯನ್ನು ನಾನು ಬಲ್ಲೆ. ಚೀಟಿಯನ್ನು ಆಕೆ ಮೂರು ಸಲ ಓದಿಸುತ್ತಿದ್ದಳು. ಹಣವನ್ನು ಒಂದೇ ಸಲ ಎಣಿಸುತ್ತಿದ್ದಳು.

ವಾಯೇಜರಿನ ಚರಿತ್ರೆಯೂ ಇದಕ್ಕಿಂತ ಬೇರೆಯಲ್ಲ.

ಅವು ಅವಳಿಗಳು. ಎರಡನೆಯದೇ ಮೊದಲು ಹೊರಟಿತು, 1977ರ ಆಗಸ್ಟ್ 20ರಂದು; ಮೊದಲನೆಯದು ಹದಿನಾರು ದಿನ ತಡವಾಗಿ. ಆದರೂ ತಡವಾಗಿ ಹೊರಟದ್ದಕ್ಕೇ ಹಿರಿಯನ ಪಟ್ಟ. ಏಕೆಂದರೆ ಅದರದು ಹತ್ತಿರದ ದಾರಿ, ಗುರುಗ್ರಹಕ್ಕೆ ಮೊದಲು ತಲಪುವುದು ಅದೇ. ಮನೆಯಿಂದ ಯಾವಾಗ ಹೊರಟನೆಂದು ಯಾರು ಕೇಳುತ್ತಾರೆ, ಛತ್ರಕ್ಕೆ ಮೊದಲು ಬಂದವನಿಗೆ ಮೊದಲ ಪಂಕ್ತಿ. ಅಂತೂ ಆಗಿನ ಕಾಗದಗಳು ಧಾರಾಳವಾಗಿದ್ದವು. ಗುರುವಿನ ಬಳಿಯಿಂದ ಅದು ಸೆಕೆಂಡಿಗೆ 1,15,200 ಬಿಟ್‌ಗಳಂತೆ ಸುದ್ದಿ ಕಳಿಸಬಲ್ಲದಾಗಿತ್ತು. ಚಿತ್ರದ ಮೇಲೆ ಚಿತ್ರ ಬಂತು.

ಆ ಚಿತ್ರಗಳಲ್ಲೊಂದರ ಕಥೆ ನನಗೆ ಬಹಳ ಪ್ರಿಯ. 1979ರ ಮಾರ್ಚ್ 5ರಂದು ನೌಕೆ ಗುರುವನ್ನು ಹಾದುಹೋಯಿತು. ಮೂರು ದಿನ ಕಳೆದು, ಇನ್ನೇನು ಔತಣ ಮುಗಿಯಿತು, ಎಲೆ ಎತ್ತಬೇಕು ಎನ್ನುವಾಗ, ದಾರಿ ಸರಿಯಾಗಿದೆಯೇ ನೋಡಿಕೊಳ್ಳಲೆಂದು ಗುರುವಿನ ಉಪಗ್ರಹವಾದ ಅಯೊವಿನ ಒಂದು ಚಿತ್ರವನ್ನು 45 ಲಕ್ಷ ಕಿಲೊಮೀಟರ್ ದೂರದಿಂದ ತೆಗೆಸಿದರು. ಲಿಂಡಾ ಮೊರಬೀಟೊ ಎಂಬ ತರುಣಿ, ವಿಜ್ಞಾನಿಗಳ ಮುಖ್ಯ ತಂಡದವರಲ್ಲ, ದಾರಿ ಲೆಕ್ಕ ಹಾಕುವ ಎಂಜಿನಿಯರು. ಹಿನ್ನೆಲೆಯ ಮಂಕಾದ ತಾರೆಯೊಂದನ್ನು ಹುಡುಕಲೆಂದು ಚಿತ್ರವನ್ನು ಬೆಳಗಿಸಿ ನೋಡುತ್ತಿದ್ದರು. ಅಯೊವಿನ ಅಂಚಿನಲ್ಲಿ ಕೊಡೆ ಬಿಡಿಸಿದಂತೆ ಏನೋ ಎದ್ದು ನಿಂತಿತ್ತು. ಇನ್ನೊಂದು ಉಪಗ್ರಹವೇ? ಅಲ್ಲ. ಕ್ಯಾಮೆರಾದ ದೋಷವೇ? ಅಲ್ಲ. ಒಂದೊಂದನ್ನೇ ತಳ್ಳಿಹಾಕುತ್ತ ಹೋದಾಗ ಕೊನೆಗೆ ಉಳಿದದ್ದು ಒಂದೇ: ಅದು 260 ಕಿಲೊಮೀಟರಿಗೂ ಮಿಕ್ಕ ಎತ್ತರಕ್ಕೆ ಉಗುಳುತ್ತಿದ್ದ ಜ್ವಾಲಾಮುಖಿ. ಭೂಮಿಯ ಹೊರಗೆ ಜೀವಂತವಾಗಿ ಕಾರುತ್ತಿರುವ ಬೆಟ್ಟವನ್ನು ಮನುಷ್ಯರು ಕಂಡದ್ದು ಅದೇ ಮೊದಲು.

ವಿಚಿತ್ರವೆಂದರೆ ಪೀಲ್, ಕ್ಯಾಸೆನ್, ರೆನಾಲ್ಡ್ಸ್ ಎಂಬ ಮೂವರು, ನೌಕೆ ಅಲ್ಲಿಗೆ ತಲಪುವ ಮೂರೇ ದಿನಗಳ ಮುಂಚೆ, ಅಯೊವಿನ ಒಡಲು ಕರಗಿರಬೇಕೆಂದು ಲೆಕ್ಕ ಹಾಕಿ ಅಚ್ಚು ಮಾಡಿಸಿದ್ದರು. ಗುರು ಒಂದು ಕಡೆಯಿಂದ ಸೆಳೆಯುತ್ತದೆ. ನೆರೆಯ ಉಪಗ್ರಹಗಳಾದ ಯುರೋಪ, ಗ್ಯಾನಿಮೀಡ್‌ಗಳು ಲಯ ತಪ್ಪದೆ ಇನ್ನೊಂದು ಕಡೆಗೆ ಜಗ್ಗುತ್ತವೆ. ಅಯೊವಿನ ದಾರಿ ಪೂರ್ಣ ವೃತ್ತವಾಗುವುದಕ್ಕೆ ಅವು ಬಿಡುವುದಿಲ್ಲ. ಹೀಗೆ ಹತ್ತಿರ ಹೋಗಿ ದೂರ ಬಂದು ಅದರ ಮೈಯನ್ನು ನಾದಿ ನಾದಿ ಹಾಕಿದಂತಾಗುತ್ತದೆ. ತಂತಿಯ ತುಂಡೊಂದನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಿದ್ದರೆ ಬೆರಳಿಗೆ ಬಿಸಿ ತಾಗುವುದಿಲ್ಲವೇ, ಹಾಗೆ. ಅತ್ತೆ ಒಂದು ಕಡೆ, ನಾದಿನಿಯರು ಇನ್ನೊಂದು ಕಡೆ ಎಳೆಯುವ ಮನೆಯಲ್ಲಿ ಸೊಸೆಯ ಒಡಲು ಹೊತ್ತಿಕೊಳ್ಳುವುದಕ್ಕೆ ನಮ್ಮಲ್ಲಿ ಗಣಿತ ಬೇಕಾಗಿರಲಿಲ್ಲ.

ಅದೇ ವರ್ಷ ಜುಲೈಯಲ್ಲಿ ಸ್ಕೈಲ್ಯಾಬು ತಲೆಯ ಮೇಲೆ ಬೀಳುತ್ತದೆಂದು ಊರಿಗೆ ಊರೇ ಗಡಗಡ ನಡುಗಿತು. ಸತ್ಯನಾರಾಯಣ ಪೂಜೆಗಳಾದವು, ಹಳೆಯ ಸಾಲಗಳು ಒಂದಿಷ್ಟು ತೀರಿದವು, ಹೊಸ ಸಾಲಗಳು ಧೈರ್ಯವಾಗಿ ಹುಟ್ಟಿದವು. ಅದು ಹಿಂದೂ ಮಹಾಸಾಗರದಲ್ಲೂ ಆಸ್ಟ್ರೇಲಿಯದಲ್ಲೂ ಬಿದ್ದುಹೋಯಿತು. ಬೀಳುವುದಕ್ಕೆ ದೊರೆತ ಗಮನ ಹೋಗುತ್ತಲೇ ಇರುವುದಕ್ಕೆ ದೊರೆಯಲಿಲ್ಲ. ಲೋಕದ ರೀತಿಯೇ ಹಾಗೆ.

1980ರ ನವೆಂಬರಿನಲ್ಲಿ ಶನಿಯ ಬಳಿ ನೌಕೆಯ ಮುಂದೆ ಎರಡು ದಾರಿಗಳಿದ್ದವು. ಶನಿಯ ದೊಡ್ಡ ಉಪಗ್ರಹವಾದ ಟೈಟನ್ನಿಗೆ ದಪ್ಪ ವಾಯುಮಂಡಲವುಂಟು. ಅದನ್ನು ಹತ್ತಿರದಿಂದ ನೋಡಬೇಕೆಂದರೆ ನೌಕೆಯ ಹಾದಿ ಗ್ರಹಗಳೆಲ್ಲ ಸುತ್ತುವ ಮಟ್ಟವನ್ನು ಬಿಟ್ಟು ಮೇಲಕ್ಕೆ ಬಾಗಿಹೋಗುತ್ತಿತ್ತು. ಮತ್ತೆ ಯಾವ ಗ್ರಹವೂ ಸಿಕ್ಕುವಂತಿಲ್ಲ. ಟೈಟನ್ನನ್ನೇ ಆರಿಸಿದರು. ಯುರೇನಸ್ಸನ್ನು 1986ರಲ್ಲಿಯೂ ನೆಪ್ಚೂನನ್ನು 1989ರಲ್ಲಿಯೂ ನೋಡಿದ ಭಾಗ್ಯ ತಮ್ಮನಿಗೆ ಬಂತು. ಅಣ್ಣನ ಪಾಲಿಗೆ ಉಳಿದದ್ದು ಬರಿಯ ದೂರ.

1990ರ ಫೆಬ್ರವರಿ 14ರಂದು, ಸುಮಾರು 600 ಕೋಟಿ ಕಿಲೊಮೀಟರಿನಿಂದ, ಅದು ಕೊನೆಯ ಸಲ ಮನೆಯ ಕಡೆ ತಿರುಗಿ ನೋಡಿತು. ಕಾರ್ಲ್ ಸೇಗನ್ ವರ್ಷಗಟ್ಟಲೆ ಒತ್ತಾಯಮಾಡಿದ್ದರಿಂದ ತೆಗೆದ ಚಿತ್ರ ಅದು. ಭೂಮಿ ಅದರಲ್ಲಿ ಒಂದು ಚುಕ್ಕೆಯನ್ನೂ ಪೂರ್ತಿ ತುಂಬದು. ಆಮೇಲೆ ವಿದ್ಯುತ್ತನ್ನೂ ನೆನಪಿನ ಜಾಗವನ್ನೂ ಉಳಿಸಲೆಂದು ಕ್ಯಾಮೆರಾಗಳನ್ನು ಆರಿಸಿಬಿಟ್ಟರು. ಇನ್ನು ನೋಡುವುದಕ್ಕೆ ಏನಿತ್ತು? ಅಂದಿನಿಂದ ನೌಕೆ ಕುರುಡು. ಅದರ ಕೆಲಸ ಮುಗಿಯಿತೆಂದೇ ನಮ್ಮಂಥವರು ತಿಳಿದೆವು.

ಆದರೆ ಬಹಳ ದೊಡ್ಡ ಸುದ್ದಿ ಬಂದದ್ದು ಕುರುಡಾದ ಮೇಲೆಯೇ.

ಸೂರ್ಯನಿಂದ ಎಲ್ಲ ದಿಕ್ಕಿಗೂ ವಿದ್ಯುದ್ವಾಹಿ ಕಣಗಳ ಗಾಳಿ ಬೀಸುತ್ತಿರುತ್ತದೆ. ಆ ಗಾಳಿ ಊದಿ ಊದಿ ಗ್ರಹಗಳನ್ನೆಲ್ಲ ಒಳಗಿಟ್ಟುಕೊಂಡ ಒಂದು ಮಹಾ ಗುಳ್ಳೆಯಾಗಿದೆ. ಗುಳ್ಳೆಯ ಹೊರಗೆ ತಾರೆಗಳ ನಡುವಿನ ಬಯಲು. ಗಡಿ ಎಲ್ಲಿದೆ? ಹೋಗಿ ನೋಡದ ಹೊರತು ಗೊತ್ತಾಗುವಂತಿರಲಿಲ್ಲ. ಹೊರಗಿನ ಅನಿಲ ಒಳಗಿನದಕ್ಕಿಂತ ದಟ್ಟವಾಗಿರಬೇಕು. ಅದನ್ನು ನೇರವಾಗಿ ಅಳೆಯುವ ಉಪಕರಣ ವಾಯೇಜರ್ 1ರಲ್ಲಿ ಇದ್ದದ್ದೇನೋ ಹೌದು, ಆದರೆ ಅದು 1980ರಲ್ಲೇ ಕೆಟ್ಟುಹೋಗಿತ್ತು. 2012ರ ಆಗಸ್ಟ್ 25ರ ಸುಮಾರಿಗೆ ಸೂರ್ಯನ ಕಣಗಳು ಥಟ್ಟನೆ ಇಳಿದುಹೋಗಿ, ಹೊರಗಿನ ವಿಶ್ವಕಿರಣಗಳು ಏರಿದವು. ದಾಟಿತೆಂದು ಕೆಲವರು, ಇಲ್ಲವೆಂದು ಕೆಲವರು. ಒಂದು ವರ್ಷ ವಾದ ನಡೆಯಿತು.

ತೀರ್ಪು ಬಂದದ್ದು ಹಿತ್ತಲ ಬಾಗಿಲಿನಿಂದ. ನೌಕೆಗೆ ಹತ್ತು ಹತ್ತು ಮೀಟರ್ ಉದ್ದದ ಎರಡು ಕಡ್ಡಿಗಳಿವೆ, ಮೊಲದ ಕಿವಿಗಳಂತೆ. ಸುತ್ತಲ ಅನಿಲ ಅಲುಗಿದರೆ ಅವು ಆ ಕಂಪನವನ್ನು ಹಿಡಿಯುತ್ತವೆ. 2012ರ ಮಾರ್ಚಿನಲ್ಲಿ ಸೂರ್ಯ ಒಂದು ಸಲ ಸಿಡಿದಿತ್ತು. ಆ ಸಿಡಿತದ ಅಲೆ ಒಂದು ವರ್ಷದ ಮೇಲೆ, 2013ರ ಏಪ್ರಿಲಿನಲ್ಲಿ, ನೌಕೆಯನ್ನು ಮುಟ್ಟಿತು. ಸುತ್ತಲ ಅನಿಲ ತಂಬೂರಿಯ ತಂತಿಯಂತೆ ಮಿಡಿಯಿತು. ದಟ್ಟವಾದಷ್ಟೂ ಶ್ರುತಿ ಮೇಲು. ಅಯೋವಾ ವಿಶ್ವವಿದ್ಯಾಲಯದ ಡಾನ್ ಗರ್ನೆಟ್ ಮತ್ತು ಅವರ ಸಂಗಡಿಗರು ಶ್ರುತಿಯನ್ನು ಹಿಡಿದು ಲೆಕ್ಕ ಹಾಕಿದರು: ಗುಳ್ಳೆಯ ಒಳಗಿದ್ದುದಕ್ಕಿಂತ ಸುಮಾರು ನಲವತ್ತು ಪಟ್ಟು ದಟ್ಟ. ನೌಕೆ ಹೊರಗಿದೆ! ಸೂರ್ಯನ ಸೀಮೆಯನ್ನು ದಾಟಿದ ಮೊದಲ ಮನುಷ್ಯಕೃತ ವಸ್ತುವಿದು ಎಂಬ ಮಾತು 2013ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಕಣ್ಣಿಲ್ಲ, ಅಳೆಯುವ ಕೈ ಬಿದ್ದುಹೋಗಿದೆ. ಸೂರ್ಯ ಹೊಡೆದ ಏಟಿನ ಮಾರ್ದನಿಯನ್ನು ಕಿವಿಯಿಂದ ಕೇಳಿ ತಾನು ಎಲ್ಲಿದ್ದೇನೆಂದು ಹೇಳಿತು.

ಇಷ್ಟು ದೂರ ಹೋದದ್ದರ ಜೋಳಿಗೆಯಲ್ಲಿ ನಮ್ಮ ಒಂದು ವಾಕ್ಯವೂ ಉಂಟೆಂಬುದನ್ನು ಇಲ್ಲಿ ಹೇಳಬೇಕು. ಎರಡು ನೌಕೆಗಳಲ್ಲೂ ಹನ್ನೆರಡು ಅಂಗುಲದ, ಚಿನ್ನ ಲೇಪಿಸಿದ ತಾಮ್ರದ ಒಂದೊಂದು ಧ್ವನಿಮುದ್ರಿಕೆಯಿದೆ. ಅದರಲ್ಲಿ 55 ಭಾಷೆಗಳ ಅಭಿವಾದನಗಳಿವೆ. ತೆಲುಗು, ಮರಾಠಿ, ಗುಜರಾತಿ, ಒರಿಯಾ ಭಾಷೆಗಳ ಸಾಲಿನಲ್ಲಿ ಕನ್ನಡವೂ ಒಂದು. ನಮಸ್ಕಾರ ಹೇಳಿ, ಕನ್ನಡಿಗರ ಪರವಾಗಿ ಶುಭಾಶಯ ಕೋರುವ ಪುಟ್ಟ ಮಾತು. ಕನ್ನಡಿಗರ ಪರವಾಗಿ ಮಾತನಾಡುವುದು ಎಂಥ ಕಷ್ಟದ ಕೆಲಸವೆಂಬುದನ್ನು ಸಾಹಿತ್ಯ ಸಮ್ಮೇಳನಗಳ ನಿರ್ಣಯ ಸಮಿತಿಯಲ್ಲಿ ಕೂತವರು ಬಲ್ಲರು. ನಾಡಿಗೆ ಕರ್ನಾಟಕವೆಂದು ಹೆಸರಾಗಿ ಆಗ ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಯಾರ ಅಪ್ಪಣೆಗೂ ಕಾಯದೆ, ಯಾವ ಉಪಸಮಿತಿಯನ್ನೂ ರಚಿಸದೆ, ಒಬ್ಬರು ಆ ಮಾತನ್ನು ಹೇಳಿ ಮುಗಿಸಿದರು. ಇಷ್ಟು ಚೊಕ್ಕವಾಗಿ ನಮ್ಮೆಲ್ಲರ ಪರವಾಗಿ ಮತ್ತಾರೂ ಮಾತನಾಡಿದ್ದನ್ನು ನಾನು ಕೇಳಿಲ್ಲ.

ಗುಜರಾತಿಯವರು ಜಾಣರು, ಸಂಪರ್ಕಿಸಿರೆಂದು ಕೇಳಿಕೊಂಡಿದ್ದಾರೆ. ಚೀನದ ಅಮೋಯ್ ಕಡೆಯವರು ಊಟವಾಯಿತೇ ಎಂದು ವಿಚಾರಿಸಿ, ಬಿಡುವಾದಾಗ ನಮ್ಮ ಕಡೆ ಬನ್ನಿರೆಂದು ಕರೆದಿದ್ದಾರೆ. ಈ ಊಟದ ಪ್ರಶ್ನೆ ನಮ್ಮ ಬಾಯಿಂದ ಬರಬೇಕಾಗಿತ್ತು, ಕೈತಪ್ಪಿ ಹೋಯಿತು. ಸಂಗೀತದ ಭಾಗದಲ್ಲಿ ಕೇಸರಬಾಯಿ ಕೇರ್ಕರರ 'ಜಾತ್ ಕಹಾಂ ಹೋ' ಇದೆ, ಎಲ್ಲಿಗೆ ಹೊರಟೆ ಎಂಬ ಪ್ರಶ್ನೆ, ಭೈರವಿಯಲ್ಲಿ. ನಮ್ಮ ಮಲ್ಲಿಕಾರ್ಜುನ ಮನ್ಸೂರರ ಘರಾಣೆಯೇ ಕೇಸರಬಾಯಿಯವರದೂ. ಭೈರವಿಯೆಂದರೆ ಕಚೇರಿ ಮುಗಿಸುವ ರಾಗ. ನೌಕೆ ಹೊರಟ ಹನ್ನೊಂದನೆಯ ದಿನ, ಸೆಪ್ಟೆಂಬರ್ 16ರಂದು, ಕೇಸರಬಾಯಿ ತೀರಿಕೊಂಡರು. ಹಾಡು ಆಗ ಚಂದ್ರನನ್ನು ದಾಟಿ ಆಗಿತ್ತು.

ಇನ್ನು 2023ಕ್ಕೆ ಬರುತ್ತೇನೆ. ಆ ವರ್ಷ ನವೆಂಬರ್ 14ರಂದು ವಾಯೇಜರ್ 1ರ ಮಾತು ಕೆಟ್ಟಿತು. ದನಿ ಬರುತ್ತಿತ್ತು, ಅರ್ಥ ಬರುತ್ತಿರಲಿಲ್ಲ. ಒಂದು-ಸೊನ್ನೆ, ಒಂದು-ಸೊನ್ನೆ ಎಂದು ಒಂದೇ ಪಲ್ಲವಿ. ನಾವು ಕಳಿಸಿದ ಆಜ್ಞೆಗಳನ್ನು ಅದು ಕೇಳಿಸಿಕೊಳ್ಳುತ್ತಿದೆ, ಪಾಲಿಸುತ್ತಿದೆ ಎಂಬುದು ಗೊತ್ತಾಗುತ್ತಿತ್ತು. ತಾನು ಹೇಗಿದ್ದೇನೆ, ಏನು ಕಂಡೆ ಎಂಬುದನ್ನು ಹೇಳಲು ಮಾತ್ರ ಆಗುತ್ತಿರಲಿಲ್ಲ.

ಈ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಅಯ್ಯೋ ಪಾಪ ಎಂದುಕೊಂಡು ಎರಡು ತಿಂಗಳಾಗಿತ್ತು. ಆಗ, 81ನೆಯ ವರ್ಷದಲ್ಲಿ, ನನ್ನ ಅಕ್ಕನಿಗೆ ಲಕ್ವ ಹೊಡೆಯಿತು. ಬಲಗೈ ಸೋತಿತು, ಮಾತು ಹೋಯಿತು. ಹೋಯಿತೆಂದರೆ ಪೂರ್ತಿ ಹೋಗಲಿಲ್ಲ. 'ಅದೇ, ಅದೇ' ಎಂಬ ಎರಡು ಮಾತು ಉಳಿಯಿತು. ನೀರು ಬೇಕಾದರೂ ಅದೇ ಅದೇ. ಸಿಟ್ಟು ಬಂದರೂ ಅದೇ ಅದೇ. ಮೊಮ್ಮಗಳು ಬಂದು ಕೆನ್ನೆಗೆ ಕೆನ್ನೆ ಇಟ್ಟಾಗಲೂ ಅದೇ ಅದೇ. ನಾವು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು, ಅದು ಅವಳ ಕಣ್ಣಿನಲ್ಲಿ ಕಾಣುತ್ತಿತ್ತು. ತಂದೆಯ ಬದಲಿಗೆ ಜಗಲಿಯಲ್ಲಿ ಕೂತು ಊರಿನವರ ಕಾಗದಗಳನ್ನು, ಅಳುವ ಕಡೆ ನಿಧಾನಿಸಿ, ನಗುವ ಕಡೆ ನಕ್ಕು, ಓದಿ ಹೇಳುತ್ತಿದ್ದವಳು. ನನಗೆ ಅಕ್ಷರ ತಿದ್ದಿಸಿದವಳು. ಅವಳ ಎದುರು ಕೂತು 'ಹೌದಕ್ಕ' ಎನ್ನುವುದು ನನಗೆ ಬಹಳ ಕಷ್ಟವಾಯಿತು. ಯಾವುದಕ್ಕೆ ಹೌದೆಂಬುದು ನನಗೆ ತಿಳಿಯುತ್ತಿರಲಿಲ್ಲ, ತಿಳಿಯುತ್ತಿಲ್ಲವೆಂಬುದು ಅವಳಿಗೆ ತಿಳಿಯುತ್ತಿತ್ತು.

ಆ ದಿನಗಳಲ್ಲಿ ವಾಯೇಜರಿನ ಸುದ್ದಿಯನ್ನು ನಾನು ಬೇರೊಂದು ರೀತಿಯಲ್ಲಿ ಹುಡುಕಿ ಹುಡುಕಿ ಓದತೊಡಗಿದೆ. ಮನೆಯವರಿಗೆ ಇದು ಸ್ವಲ್ಪ ವಿಪರೀತವೆನಿಸಿತು. ಮನೆಯಲ್ಲಿ ಇಂಥ ಕಷ್ಟವಿರುವಾಗ ಆಕಾಶದ ಚಿಂತೆ ಇವರಿಗೇಕೆ ಎಂದರು.

ಮಾರ್ಚ್ 1ರಂದು ಕ್ಯಾಲಿಫೋರ್ನಿಯದ ಎಂಜಿನಿಯರುಗಳು ನೌಕೆಯ ಗಣಕಕ್ಕೆ ಒಂದು ಆಜ್ಞೆ ಕಳಿಸಿದರು. ರೋಗಿಯನ್ನು ಮೆಲ್ಲಗೆ ತಿವಿದು ನೋಡಿದ ಹಾಗೆ. ಮಾತು ಹೋಗಿ ಮುಟ್ಟಲು 22 ಗಂಟೆ 30 ನಿಮಿಷ, ಉತ್ತರ ಬರಲು ಮತ್ತೆ ಅಷ್ಟೇ. ಮಾರ್ಚ್ 3ರಂದು ಬಂದ ಗೊಣಗಾಟ ಹಿಂದಿನಂತಿರಲಿಲ್ಲ. ಎಲ್ಲರಿಗೂ ಅದು ಅರ್ಥವಿಲ್ಲದ್ದಾಗಿ ಕಂಡಾಗ, ನೌಕೆಗಳ ದನಿ ಕೇಳುವ ತಟ್ಟೆಗಳ ವಿಭಾಗದ ಎಂಜಿನಿಯರೊಬ್ಬರು ಅದನ್ನು ಬಿಡಿಸಿ ಓದಿದರು. ಆ ಗಣಕದ ಇಡೀ ಸ್ಮೃತಿಯೇ ಅದರೊಳಗಿತ್ತು. ಹಳೆಯದರ ಪಕ್ಕಕ್ಕಿಟ್ಟು ಹೋಲಿಸಿದಾಗ ತಿಳಿಯಿತು: ಒಂದು ಬಿಲ್ಲೆ ಸತ್ತಿದೆ, ಆ ಗಣಕದ ಸ್ಮೃತಿಯಲ್ಲಿ ನೂರಕ್ಕೆ ಸುಮಾರು ಮೂರು ಪಾಲು ಅದರೊಂದಿಗೆ ಹೋಗಿದೆ.

ಸತ್ತದ್ದನ್ನು ಬದುಕಿಸುವ ಹಾಗಿಲ್ಲ. ಅಲ್ಲಿಗೆ ಹೋಗಿ ಬದಲಾಯಿಸುವ ಹಾಗೂ ಇಲ್ಲ. ಉಳಿದ ಸ್ಮೃತಿಯಲ್ಲಿ ಅಷ್ಟನ್ನೂ ಒಟ್ಟಿಗೆ ಇಡುವಷ್ಟು ಬರಿದು ಜಾಗವೂ ಎಲ್ಲೂ ಇರಲಿಲ್ಲ. ನೌಕೆಯ ಗಣಕಗಳೆಲ್ಲ ಸೇರಿದರೂ ಅವುಗಳ ಸ್ಮೃತಿ ಇಂದಿನ ಮೊಬೈಲಿನಲ್ಲಿ ಬರುವ ಒಂದು ಮದುವೆಯ ಕರೆಯೋಲೆಗೆ ಸಾಲದು. ಆದ್ದರಿಂದ ಕಳೆದುಹೋದ ಸೂಚನೆಗಳನ್ನು ತುಂಡು ತುಂಡು ಮಾಡಿ, ಇಲ್ಲಿ ನಾಲ್ಕು ಅಲ್ಲಿ ಆರು ಎಂದು ಸಂದಿಗೊಂದಿಗಳಲ್ಲಿ ಇಟ್ಟರು. ಒಂದು ತುಂಡಿನಿಂದ ಇನ್ನೊಂದಕ್ಕೆ ದಾರಿ ತೋರುವ ಗುರುತುಗಳನ್ನೆಲ್ಲ ತಿದ್ದಿದರು. ಐವತ್ತು ವರ್ಷದ ಹಳೆಯ ಕಾಗದಗಳನ್ನು, ಬರೆದವರಲ್ಲಿ ಎಷ್ಟೋ ಮಂದಿ ಇಲ್ಲದಿರುವಾಗ, ಕೂತು ಓದಿ ಈ ಕೆಲಸ ಮಾಡಬೇಕಾಯಿತು. ಏಪ್ರಿಲ್ 18ರಂದು ಮೊದಲ ಕಂತು ಹೋಯಿತು. 20ರಂದು ಉತ್ತರ ಬಂತು: ಐದು ತಿಂಗಳಲ್ಲಿ ಮೊದಲ ಸಲ, ನೌಕೆ ತನ್ನ ಕುಶಲ ತಿಳಿಸಿತ್ತು. ಜೂನ್ ಹೊತ್ತಿಗೆ ಅದರ ನಾಲ್ಕು ಉಪಕರಣಗಳೂ ಸುದ್ದಿ ಕಳಿಸತೊಡಗಿದವು. ಅದೇ ಜೂನ್ 9ರಂದು, 1972ರಿಂದ 2022ರವರೆಗೆ ಐವತ್ತು ವರ್ಷ ಈ ಯಾತ್ರೆಯ ಮುಖ್ಯ ವಿಜ್ಞಾನಿಯಾಗಿದ್ದ ಎಡ್ ಸ್ಟೋನ್ ತೀರಿಕೊಂಡರು.

ಅಕ್ಕನನ್ನು ನೋಡುತ್ತಿದ್ದ ವೈದ್ಯೆ ಚಿಕ್ಕ ವಯಸ್ಸಿನವಳು. ಒಂದು ದಿನ 'ಇವರು ಹಾಡುತ್ತಿದ್ದರೇ?' ಎಂದು ಕೇಳಿದಳು. ಹಾಡುತ್ತಿದ್ದಳೇ ಎಂದರೆ! ನಮ್ಮ ಸುತ್ತಿನ ನಾಲ್ಕು ಹಳ್ಳಿಯ ಹಸೆಯ ಹಾಡು, ಆರತಿ ಹಾಡು ಅವಳದೇ. ಮಾತಿನ ಮನೆ ಹೆಚ್ಚಾಗಿ ಮಿದುಳಿನ ಎಡಗಡೆ, ಅಲ್ಲಿ ಏಟು ಬಿದ್ದಿದೆ. ರಾಗದ ಮನೆ ಬಹುಮಟ್ಟಿಗೆ ಆಚೆ ಕಡೆ. ಆದ್ದರಿಂದ ಮಾತಾಡಲಾರದವರು ಕೆಲವು ಸಲ ಹಾಡಬಲ್ಲರು ಎಂದು ಅವಳು ವಿವರಿಸಿದಳು. ಅಕ್ಕನ ಎಡಗೈ ಹಿಡಿದು ತಾಳ ಹಾಕುತ್ತ, ಬೀಗರನ್ನು ಹಸೆಗೆ ಕರೆಯುವ ಹಾಡೊಂದನ್ನು ನನ್ನ ಹೆಂಡತಿ ಎತ್ತಿಕೊಂಡಳು. ಎರಡನೆಯ ಸಾಲಿಗೆ ಅಕ್ಕ ಸೇರಿದಳು. ಮಾತುಗಳೊಡನೆ ಸೇರಿದಳು. ಒಂದೂ ತಪ್ಪಿರಲಿಲ್ಲ. ನಮ್ಮೆಲ್ಲರಿಗಿಂತ ಹೆಚ್ಚು ಬೆರಗಾದವಳು ಅವಳೇ. ಹಾಡು ಮುಗಿದದ್ದೇ 'ಅದೇ, ಅದೇ' ಎಂದಳು. ಆ ಒಂದು ಸಲ ಅದರ ಅರ್ಥ ನನಗೆ ಸ್ಪಷ್ಟವಾಗಿ ತಿಳಿಯಿತು.

ಅಂದಿನಿಂದ ನಮ್ಮ ಮನೆಯಲ್ಲಿ ಕಾಫಿ ಕೇಳುವುದಕ್ಕೂ ಒಂದು ಧಾಟಿ ಹುಟ್ಟಿದೆ. ಹಳೆಯ ಹಾಡುಗಳ ಸಂದಿಗೊಂದಿಯಲ್ಲಿ ಹೊಸ ಮಾತುಗಳನ್ನು ಇಟ್ಟು ಕಲಿಸುವುದು ನಿಧಾನದ ಕೆಲಸ. ನೂರಕ್ಕೆ ನೂರು ಬರಲಿಲ್ಲ, ಬರುವುದೂ ಇಲ್ಲ. ಬಂದಷ್ಟು ಬಂದಿದೆ.

ನನ್ನ ಮಿತ್ರರೊಬ್ಬರು, ರೆವಿನ್ಯೂ ಇಲಾಖೆಯಿಂದ ನಿವೃತ್ತರಾದವರು, ಯಾವುದೇ ವಿಷಯ ತೆಗೆದರೂ 'ಇದರಿಂದ ಏನು ಪ್ರಯೋಜನ?' ಎಂದು ಕೇಳುತ್ತಾರೆ. ವಾಯೇಜರಿನ ವಿಷಯದಲ್ಲೂ ಕೇಳಿದರು. ಮುದಿ ಯಂತ್ರ, 23 ವಾಟ್‌ನಷ್ಟು ಕಡಿಮೆ ಶಕ್ತಿಯ ರೇಡಿಯೊ, ಸೆಕೆಂಡಿಗೆ 160 ಬಿಟ್, ನಮ್ಮನ್ನು ಮುಟ್ಟುವಾಗ ಅದರ ದನಿ ಕೈಗಡಿಯಾರದ ಶಕ್ತಿಯ 2000 ಕೋಟಿಯಲ್ಲಿ ಒಂದು ಪಾಲಿಗಿಂತಲೂ ಸಣ್ಣದು. ನಮ್ಮ ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ ಚಂದ್ರಯಾನದ ಮಾತು ಕೇಳುವ ದೊಡ್ಡ ತಟ್ಟೆ 32 ಮೀಟರ್ ಅಗಲ. ವಾಯೇಜರಿಗೆ ಹೇಳಿದ್ದು ಮುಟ್ಟಬೇಕಾದರೆ 70 ಮೀಟರಿನದು ಬೇಕು. ಇಷ್ಟೆಲ್ಲ ಏಕೆ? ನಾನು ಹೇಳಿದೆ: ಸ್ವಾಮೀ, ಸೂರ್ಯನ ಗುಳ್ಳೆಯ ಹೊರಗೆ ಬಯಲು ಹೇಗಿದೆಯೆಂದು ಅಲ್ಲೇ ನಿಂತು ಹೇಳಬಲ್ಲವರು ಇಬ್ಬರೇ ಇದ್ದಾರೆ, ಇದು ಮತ್ತು 2018ರಲ್ಲಿ ದಾಟಿದ ಇದರ ತಮ್ಮ. ಭೂಮಿಯ ಮೇಲಿನ, ಭೂಮಿಯನ್ನು ಸುತ್ತುವ ದೂರದರ್ಶಕಗಳೆಲ್ಲ ನೋಡುವುದು ಗುಳ್ಳೆಯ ಒಳಗಿನಿಂದ. ಇವು ಹೋದಮೇಲೆ ಇನ್ನೊಂದು ನೌಕೆ ಅಷ್ಟು ದೂರ ಹೋಗಿ ನಿಲ್ಲಲು ಎಷ್ಟೋ ದಶಕ ಬೇಕು. ಅವರು ಹೂಂಗುಟ್ಟಿದರು. ಒಪ್ಪಿದಂತೆ ಕಾಣಲಿಲ್ಲ, ಆದರೆ ಮರುದಿನ ಸಂಜೆ ತಾವಾಗಿಯೇ 'ಅದರ ಸಮಾಚಾರವೇನು?' ಎಂದು ಕೇಳಿದರು.

ಸಮಾಚಾರ ಹೀಗಿದೆ. ನೌಕೆಯನ್ನು ನಡೆಸುವುದು ಪ್ಲುಟೋನಿಯಂ ಧಾತುವಿನ ಬಿಸಿ. ಹೊರಟಾಗ 470 ವಾಟ್ ವಿದ್ಯುತ್ತು. ವರ್ಷಕ್ಕೆ ಸುಮಾರು 4 ವಾಟ್ ಕಡಿಮೆಯಾಗುತ್ತ ಬಂದಿದೆ. ಹೀಟರುಗಳನ್ನೂ ಉಪಕರಣಗಳನ್ನೂ ಒಂದೊಂದಾಗಿ ಆರಿಸುತ್ತ ಬಂದಿದ್ದಾರೆ. 2012ರಲ್ಲಿ ಗಡಿ ದಾಟಿದ ಸುಳಿವು ಕೊಟ್ಟ ವಿಶ್ವಕಿರಣಗಳ ಉಪಕರಣವನ್ನೇ 2025ರ ಫೆಬ್ರವರಿ 25ರಂದು ಆರಿಸಿದರು. ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಬೇಕು? ಮುಪ್ಪಿನವರಿರುವ ಮನೆಗಳಲ್ಲಿ ಈ ಲೆಕ್ಕವನ್ನು ದಿನವೂ ಮಾಡುತ್ತಾರೆ. ಮೆಟ್ಟಿಲು ಬೇಡ, ದೇವರ ಮನೆ ಇರಲಿ. ಪೇಟೆ ಬೇಡ, ಕಿಟಕಿ ಇರಲಿ. ಒಂದು ದಿನ ನಿಗದಿಯಾದ ಹೊತ್ತಿಗೆ ತಟ್ಟೆ ಆ ಕಡೆ ತಿರುಗಿದಾಗ ಏನೂ ಕೇಳಿಸುವುದಿಲ್ಲ. ಅದಾದ ಮೇಲೂ ಕೆಲವು ದಿನ ಅವರು ಕಿವಿಗೊಟ್ಟು ಕಾಯುತ್ತಾರೆಂಬುದರಲ್ಲಿ ನನಗೆ ಸಂದೇಹವಿಲ್ಲ. ನೌಕೆ ಮಾತ್ರ ನಿಲ್ಲುವುದಿಲ್ಲ. ಸುಮಾರು 40,000 ವರ್ಷಕ್ಕೆ ಗ್ಲೀಸ 445 ಎಂಬ ಸಣ್ಣ ತಾರೆಯ ಬಳಿ ಹಾಯುತ್ತದಂತೆ; ಬಳಿ ಎಂದರೆ 1.6 ಜ್ಯೋತಿರ್ವರ್ಷ ದೂರ. ಕನ್ನಡಿಗರ ಶುಭಾಶಯವೂ ಅದರೊಂದಿಗೆ ಹಾಯುತ್ತದೆ.

ಆದರೆ ನನ್ನ ಮನಸ್ಸು ನಲವತ್ತು ಸಾವಿರ ವರ್ಷಕ್ಕೆ ಹೋಗದು. ಅದು ನಿಂತಿರುವುದು ಹತ್ತಿರದ ಇನ್ನೊಂದು ತಾರೀಖಿನಲ್ಲಿ. ಲೆಕ್ಕದ ಪ್ರಕಾರ 2026ರ ನವೆಂಬರಿನಲ್ಲಿ ವಾಯೇಜರ್ 1 ನಮ್ಮಿಂದ ಸರಿಯಾಗಿ ಒಂದು ಬೆಳಕಿನ ದಿನದಷ್ಟು ದೂರ, ಎಂದರೆ ಸುಮಾರು 2590 ಕೋಟಿ ಕಿಲೊಮೀಟರ್. ಮಾತು ಹೋಗಲು ಒಂದು ದಿನ, ಉತ್ತರ ಬರಲು ಒಂದು ದಿನ. ಸೋಮವಾರ ಬೆಳಿಗ್ಗೆ ಹೇಗಿದ್ದೀಯೆ ಎಂದರೆ ಬುಧವಾರ ಬೆಳಿಗ್ಗೆ ಚೆನ್ನಾಗಿದ್ದೇನೆ ಎಂದು ಬರುತ್ತದೆ.

ಇದನ್ನು ಮೊನ್ನೆ ಅಕ್ಕನಿಗೆ ಹೇಳಿದೆ. ಕಾಗದ ಓದಿ ಹೇಳುತ್ತಿದ್ದವಳಿಗೆ ಈಗ ನಾನು ಓದಿ ಹೇಳುತ್ತೇನೆ. ಅವಳು ಎಡಗೈ ಬೆರಳುಗಳನ್ನು ಮಡಿಸುತ್ತ, ಬಿಡಿಸುತ್ತ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. ನಮ್ಮ ಹಳ್ಳಿಯಿಂದ ಮೈಸೂರಿಗೆ ಹಾಕಿದ ಕಾರ್ಡಿಗೆ ಆ ಕಾಲದಲ್ಲಿ ಉತ್ತರ ಬರಲು ನಾಲ್ಕು ದಿನ ಹಿಡಿಯುತ್ತಿತ್ತು. ಆಮೇಲೆ, ಬೀಗರನ್ನು ಹಸೆಗೆ ಕರೆಯುವ ಆ ಧಾಟಿಯಲ್ಲೇ, ನಿಧಾನವಾಗಿ, 'ಅಂಚೆ ಬೇಗ' ಎಂದಳು.